ಮೊದಲ ಬಸ್ಸು, ಮೂರನೇ ಮಂಚ

ವಾರಕ್ಕೆ ಮೂರು ದಿನ ಒಂದೇ ಬಸ್ಸಿನಲ್ಲಿ ಓಡಾಡುವವರನ್ನು ನಗೆಯ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನೀವು ನಗುವ ಸ್ಥಿತಿಯಲ್ಲಿದ್ದೀರಾ ಎಂದು ಅವು ಕೇಳುವುದಿಲ್ಲ.

ನಮ್ಮದು ಗುಂಡ್ಲುಪೇಟೆ. ನಮ್ಮ ಯಜಮಾನರಿಗೆ ಎಪ್ಪತ್ತನಾಲ್ಕು ವರ್ಷ. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿ ಎರಡು ವರ್ಷದ ಮೇಲಾಯಿತು. ಸೋಮವಾರ, ಬುಧವಾರ, ಶುಕ್ರವಾರ ಚಾಮರಾಜನಗರದ ಆಸ್ಪತ್ರೆಯೊಂದಕ್ಕೆ ಹೋಗಿ, ನಾಲ್ಕು ಗಂಟೆ ಹೊತ್ತು ಮೈಯ ರಕ್ತವನ್ನು ಯಂತ್ರಕ್ಕೆ ಕೊಟ್ಟು, ತೊಳೆಸಿಕೊಂಡು ವಾಪಸು ತೆಗೆದುಕೊಂಡು ಬರಬೇಕು. ಡಯಾಲಿಸಿಸ್ ಎಂದರೆ ಇಷ್ಟೇ. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ. ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ. ಮೂರನೆಯದರ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಅಲ್ಲಿರುವುದು ಆರು ಮಂಚ. ನಮ್ಮದು ಮೂರನೆಯದು. ಬೆಳಗಿನ ಪಾಳಿ ಏಳಕ್ಕೆ ಶುರು. ಏಳೂವರೆಯೊಳಗೆ ನಾವು ಬಾರದಿದ್ದರೆ ಮಂಚವನ್ನು ಅಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ಕೊಡುತ್ತಾರೆ. ಅದು ಆ ಒಂದು ದಿನಕ್ಕೆ ಮಾತ್ರ ಎಂದು ಹೇಳುವುದೇನೋ ಹೇಳುತ್ತಾರೆ. ಆದರೆ ಕಾಯುವವರ ಪಟ್ಟಿ ಉದ್ದ ಇರುವ ಕಡೆ, ಒಮ್ಮೆ ಹತ್ತಿ ಮಲಗಿದವರನ್ನು ಎಬ್ಬಿಸುವುದು ಸುಲಭವಲ್ಲ. ಮಂಚವೊಂದು ಶಾಶ್ವತವಾಗಿ ಖಾಲಿಯಾಗುವುದು ಒಂದೇ ಕಾರಣಕ್ಕೆ. ನಮಗೆ ಮಂಚ ಸಿಕ್ಕಿತು ಎಂದು ಫೋನು ಬಂದ ದಿನ ನಾನು ದೇವರಿಗೆ ಕಾಯಿ ಒಡೆಸಿ, ಚೂರು ಮಾಡಿ, ಬೀದಿಗೆಲ್ಲ ಹಂಚಿದೆ. ಅದೇ ಹೊತ್ತಿನಲ್ಲಿ ಬೇರೆ ಯಾವುದೋ ಊರಿನ ಯಾವುದೋ ಮನೆಯ ಮುಂದೆ ಶಾಮಿಯಾನ ಹಾಕಿರಬೇಕು ಎಂದು ಹೊಳೆದದ್ದು ಕಾಯಿ ತಿಂದು ಮುಗಿದ ಮೇಲೆ.

ನಾನು ಆ ಕಾಲದ ಬಿ.ಎ. ಎಲ್ಲವನ್ನೂ ಬರೆದಿಡುವ ಅಭ್ಯಾಸ. ಬಸ್ಸು ಬಿಟ್ಟ ಹೊತ್ತು, ತಲುಪಿದ ಹೊತ್ತು, ಇವರ ತೂಕ ಯಂತ್ರಕ್ಕೆ ಮೊದಲು ಎಷ್ಟು, ಆಮೇಲೆ ಎಷ್ಟು, ಕುಡಿದ ನೀರು ಎಷ್ಟು, ಎಲ್ಲವೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಈಗ ನಡೆಯುತ್ತಿರುವುದು ನಾಲ್ಕನೆಯ ಬುಕ್ಕು. ಡಾಕ್ಟರೇ ಒಮ್ಮೊಮ್ಮೆ ತಮ್ಮ ಫೈಲು ಬಿಟ್ಟು, "ಅಮ್ಮ, ನಿಮ್ಮ ಬುಕ್ಕು ಕೊಡಿ" ಎನ್ನುತ್ತಾರೆ. ಕೆಳಗಿನ ಪ್ರಸಂಗಗಳೂ ಅದರಲ್ಲಿಯೇ ಇದ್ದವು, ತೂಕದ ಪಕ್ಕದ ಖಾಲಿ ಜಾಗದಲ್ಲಿ.

೧. ಕೋಳಿಯ ವಿಚಾರ

ಬಸ್ಸೇ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಮಗನ ಗೂಡ್ಸ್ ಗಾಡಿ ಇದೆ. ಅದು ಬಂಡೀಪುರದ ಚೆಕ್‌ಪೋಸ್ಟು ತೆರೆಯುವ ಹೊತ್ತಿಗೆ ತರಕಾರಿ ಹೊತ್ತುಕೊಂಡು ಕೇರಳದ ದಾರಿ ಹಿಡಿದಿರುತ್ತದೆ. ಅದಿರಲಿ, ಮನೆಯ ಮುಂದೆ ವಿಮಾನ ತಂದು ನಿಲ್ಲಿಸಿದರೂ ಇವರು ಹತ್ತುವವರಲ್ಲ. ಮೂವತ್ತಮೂರು ವರ್ಷ ಈ ಕಡೆಯ ದಾರಿಗಳಲ್ಲೇ ಬಸ್ಸು ಓಡಿಸಿದ ಡ್ರೈವರು.

ಐದೂ ನಲವತ್ತಕ್ಕೆ ಗುಂಡ್ಲುಪೇಟೆ ಬಿಡುವ ಮೊದಲ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಇವರದು. ತಿರುವು ಬಂದಾಗಲೆಲ್ಲ ಇವರ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಊದಿದ ಕಾಲು, ಮುಟ್ಟಿದರೆ ನೋವು, ಆದರೂ ಬ್ರೇಕು ಹಾಕುವುದು ಬಿಡುವುದಿಲ್ಲ. ಈಗಿನ ಡ್ರೈವರು ಮೂವತ್ತರ ಆಸುಪಾಸಿನವನು.

"ಥರ್ಡಿಗೆ ಹಾಕಪ್ಪ, ಗಾಡಿ ಅಳ್ತಾ ಅದೆ" ಎಂದರು ಇವರು ಒಂದು ದಿನ.

"ಯಜಮಾನ್ರೇ, ನೀವು ಅಳದೆ ಕೂತ್ಕಳಿ ಸಾಕು" ಎಂದ ಅವನು.

ಇವರಿಗೆ ಸಿಟ್ಟು ಬಂತು. ಬಸ್ಸಿಗೆಲ್ಲ ಕೇಳುವ ಹಾಗೆ ಶುರು ಮಾಡಿದರು. "ನಮ್ ಕಾಲದಲ್ಲಿ ಪವರ್ ಸ್ಟೇರಿಂಗ್ ಎಲ್ಲಿತ್ತಪ್ಪ? ಊಟಿ ಘಾಟಿ ಇಳಿಸಿ ಬಂದ್ರೆ ಎರಡು ದಿನ ತೋಳು ಎತ್ತಕಾಯ್ತಿರ್ಲಿಲ್ಲ. ಟಾಪ್ ಮೇಲೆ ನಲವತ್ತು ಮೂಟೆ, ಒಳಗೆ ನೂರು ಜನ, ಎದುರಿಗೆ ಒಂಟಿ ಸಲಗ. ಹಂಗೇ ರಿವರ್ಸಲ್ಲಿ ಒಂದು ಮೈಲಿ ಬಂದಿವ್ನಿ. ಮೂವತ್ಮೂರು ವರ್ಷ! ಒಂದು ಕೋಳೀನೂ ಸಾಯಿಸಿಲ್ಲ."

ಹಿಂದಿನಿಂದ ಒಬ್ಬ ಮುದುಕರು ಮೆಲ್ಲಗೆ ಕೇಳಿದರು. "ನಮ್ ಆಡು?"

ಎಲ್ಲರೂ ಹಿಂದಕ್ಕೆ ತಿರುಗಿದರು.

"ತೆರಕಣಾಂಬಿ ತಿರುವ್ನಲ್ಲಿ" ಎಂದರು ಮುದುಕರು. "ಕೆಂಪಾಡು. ಗಬ್ಬ ಆಗಿತ್ತು. ನೀವೇ ಕಣಿ ಡ್ರೈವರು, ಆಗ ಮೀಸೆ ಬುಟ್ಟಿದ್ರಿ."

ಡ್ರೈವರು ಕನ್ನಡಿಯಲ್ಲಿ ಇವರನ್ನೇ ನೋಡುತ್ತಿದ್ದ. ಇವರು ಕಿಟಕಿಯಾಚೆ ನೋಡಿದರು. ಆಮೇಲೆ ಹೇಳಿದರು. "ನಾನು ಹೇಳಿದ್ದು ಕೋಳಿ ವಿಚಾರ."

೨. ಮನೆಯಲ್ಲೇ ಹೋದರು

ಇವರಿಗೆ ದಿನಕ್ಕೆ ಎರಡು ಲೋಟ ನೀರು. ಅದರಲ್ಲೇ ಮಾತ್ರೆ, ಅದರಲ್ಲೇ ಕಾಫಿ. ಒಳಗೆ ಹೋದ ನೀರು ಹೊರಗೆ ಹೋಗುವ ದಾರಿ ಇಲ್ಲ. ಬೇಸಿಗೆಯಲ್ಲಿ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡು ಮಾತು ತೊದಲುತ್ತದೆ. ಎಳನೀರಂತೂ ವಿಷ, ಅದರಲ್ಲಿರುವ ಒಂದು ಸತ್ವ ರಕ್ತದಲ್ಲಿ ಏರಿದರೆ ಹೃದಯವೇ ನಿಂತುಹೋಗುತ್ತದೆ. ಇದನ್ನು ನಾನು ಡಾಕ್ಟರಿಂದ ಬರೆಸಿಕೊಂಡು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ.

ಆದರೆ ಬಸ್ಸಿನ ಜನ ನೋಟ್‌ಬುಕ್ಕು ಓದುವುದಿಲ್ಲ. ಹೆಂಗಸರಿಗೆ ಟಿಕೆಟು ಇಲ್ಲದಂತಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆ ನೂಕುನುಗ್ಗಲಿನಲ್ಲೂ ಇವರ ಕೈಯ ಪಟ್ಟಿ ನೋಡಿದ ತಕ್ಷಣ ಔಷಧ ಹೇಳದವರಿಲ್ಲ. ಬಾಳೆದಿಂಡಿನ ರಸ ಕುಡಿಸಿ. ಹುರುಳಿ ಬೇಯಿಸಿದ ನೀರು ಕುಡಿಸಿ. ಎಳನೀರಿಗೆ ಏಲಕ್ಕಿ ಹಾಕಿ ರಾತ್ರಿಯೆಲ್ಲ ಇಟ್ಟು ಕುಡಿಸಿ. ಒಂದೇ ಪ್ರಯಾಣದಲ್ಲಿ ಹನ್ನೊಂದು ಔಷಧ ಬರೆದುಕೊಂಡದ್ದಿದೆ. ಹನ್ನೊಂದೂ ಇವರನ್ನು ಎರಡು ದಿನದಲ್ಲಿ ಮುಗಿಸುವಂಥವು.

ಒಬ್ಬರಂತೂ, ಬೆಟ್ಟದ ಕಡೆಯ ಊರಿನವರು, ಸೀಟಿನ ಕಂಬಿ ಹಿಡಿದು ಬಗ್ಗಿ ಗುಟ್ಟು ಹೇಳುವಂತೆ ಹೇಳಿದರು. "ನಮ್ ಮಾವಂಗೂ ಇದೇ ಆಗಿತ್ತು ಅಮ್ಮೋರೇ. ಕಾಡಿಂದ ಒಂದು ಬೇರು ತಂದು ತೇದು ಕೊಟ್ಟೊ. ಅವತ್ತಿಂದ ಆಸ್ಪತ್ರೆ ಮೆಟ್ಲು ತುಳೀಲಿಲ್ಲ, ಸೂಜಿ ಚುಚ್ಚಿಸ್ಕಳ್ಲಿಲ್ಲ, ಏನೂ ಇಲ್ಲ."

"ಹೌದಾ? ಈಗ ಹೇಗಿದ್ದಾರೆ?"

"ಮೂರ್ನೇ ದಿನ ಓದ್ರು" ಎಂದರು ಅವರು. "ಆದ್ರೆ ಆಸ್ಪತ್ರೇಲಿ ಅಲ್ಲ ನೋಡಿ. ಆರಾಮಾಗಿ ಮನೇಲೇ ಓದ್ರು."

೩. ಹಂಗಳದವರು

ಇನ್ನು ಹಂಗಳ ಎಂಬ ಊರಿನ ಒಬ್ಬರ ವಿಚಾರ, ನಾವು ಕರೆಯುವುದು ಹಂಗಳದವರು ಎಂದೇ. ಕಾಡಂಚಿನಲ್ಲಿ ಆಲೂಗೆಡ್ಡೆ, ಚೆಂಡುಹೂ ಬೆಳೆಯುವವರು. ಐವತ್ತೆರಡು ವರ್ಷ. ಅವರಿಗೂ ಇದೇ ಕಾಯಿಲೆ. ಮೈಸೂರಿನಲ್ಲಿ ಮಂಚ ಸಿಕ್ಕಿದೆ, ಆದರೆ ವಾರಕ್ಕೆ ಎರಡೇ ಸಲ, ಮಂಗಳವಾರ ಮತ್ತು ಶನಿವಾರ. ಡಾಕ್ಟರು ಮೂರು ಬೇಕೇಬೇಕು ಎಂದಿದ್ದಾರೆ. ಹಾಗಾಗಿ ಚಾಮರಾಜನಗರದ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ. ಈಗ ಅವರದೇ ಮೊದಲ ಹೆಸರು. ಪ್ರತಿ ಸೋಮವಾರ ನಮ್ಮದೇ ಬಸ್ಸಿನಲ್ಲಿ ಬಂದು, ಮಂಚ ಖಾಲಿಯಾಯಿತೇ ಎಂದು ಸಿಸ್ಟರನ್ನು ವಿಚಾರಿಸಿಕೊಂಡು ಹೋಗುತ್ತಾರೆ.

ಬಸ್ಸು ಹತ್ತಿದ ಕೂಡಲೇ ಕೈ ಮುಗಿದು, "ಯಜಮಾನ್ರೇ, ಹೆಂಗಿದ್ದೀರಿ?" ಎಂದು ಕೇಳುತ್ತಾರೆ.

"ಚೆನ್ನಾಗಿವ್ನಿ" ಎಂದರೆ, "ಒಳ್ಳೇದು, ಒಳ್ಳೇದು" ಎಂದು ಹಿಂದೆ ಹೋಗಿ ಕೂರುತ್ತಾರೆ. "ಯಾಕೋ ಸುಸ್ತು" ಎಂದರೆ ಪಕ್ಕದಲ್ಲೇ ಕೂರುತ್ತಾರೆ. ಊಟ ಸೇರುತ್ತದೆಯೇ? ನಿದ್ದೆ ಬರುತ್ತದೆಯೇ? ಎದೆ ಭಾರ ಇದೆಯೇ? ಅಷ್ಟು ಅಕ್ಕರೆಯಿಂದ ನಮ್ಮ ಬೀಗರೂ ಕೇಳಿಲ್ಲ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮೂರನೇ ಮಂಚದ ಮೇಲೆ ಅವರ ಕಣ್ಣು ಬಿದ್ದಿದೆ ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲೇ ಬರೆದಿದ್ದೆ.

ಒಂದು ಸೋಮವಾರ ನಾವು ಹತ್ತುವಷ್ಟರಲ್ಲಿ ಬಸ್ಸು ತುಂಬಿತ್ತು. ಇವರ ಸೀಟಿನಲ್ಲಿ, ಕಿಟಕಿಯ ಪಕ್ಕ, ಹಂಗಳದವರು ಕೂತಿದ್ದರು. ಮೆಟ್ಟಿಲು ಹತ್ತಿದವರೇ ಇವರು ಕೆಮ್ಮಲು ಶುರು ಮಾಡಿದರು. ಬಗ್ಗಿ, ಎದೆ ಹಿಡಿದು, ಕಣ್ಣಲ್ಲಿ ನೀರು ಬರುವಂಥ ಕೆಮ್ಮು. ಶ್ವಾಸಕೋಶಕ್ಕೆ ನೀರು ಹೋದರೆ ಹೀಗೇ ಶುರುವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಹಂಗಳದವರು ಒಂದೇ ನೆಗೆತಕ್ಕೆ ಎದ್ದರು. "ಬನ್ನಿ ಬನ್ನಿ ಯಜಮಾನ್ರೇ, ಇಲ್ಲಿ ಕೂತ್ಕಳಿ. ಗಾಳಿ ಬತ್ತದೆ. ಆ ಬ್ಯಾಗ್ ನಂಗ್ ಕೊಡಿ ಅವ್ವಾ. ಎಷ್ಟ್ ದಿನದಿಂದ ಈ ಕೆಮ್ಮು?"

ಇವರು ಕಿಟಕಿಯ ಪಕ್ಕ ಕೂತು, ಟವಲಿನಿಂದ ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ಕೆಮ್ಮು ಮಾಯ.

"ನಿಮಗೆ ಬುದ್ಧಿ ಇದೆಯೇನ್ರೀ?" ಎಂದು ಹಲ್ಲು ಕಚ್ಚಿ ಕೇಳಿದೆ. "ನನ್ನ ಜೀವ ಹೋಗಿತ್ತು."

"ಸುಮ್ನಿರಮ್ಮಿ" ಎಂದರು ಇವರು. "ನಂಗೂ ಸೀಟ್ ಸಿಕ್ತು. ಪಾಪ, ಅವನಿಗೂ ಒಂದು ಖುಷಿ ಬೇಡ್ವಾ?"

೪. ಎರಡು ಬಿಂದಿಗೆ

ಐದನೇ ಮಂಚದಲ್ಲಿ ತೆರಕಣಾಂಬಿ ಕಡೆಯ ಒಬ್ಬ ತಾತ ಇದ್ದರು. ಒಂದು ಶುಕ್ರವಾರ ಯಂತ್ರ ಓಡುತ್ತಿರುವಾಗಲೇ ಅವರ ಬಿ.ಪಿ. ಪಾತಾಳಕ್ಕೆ ಇಳಿಯಿತು. ಕರೆದರೆ ಓಗೊಡಲಿಲ್ಲ. ಡಾಕ್ಟರು ಮಕ್ಕಳಿಬ್ಬರನ್ನೂ ಪಕ್ಕಕ್ಕೆ ಕರೆದು, ಇನ್ನು ಭರವಸೆ ಕೊಡುವುದಕ್ಕಾಗುವುದಿಲ್ಲ ಎಂದರು. ನಮ್ಮ ಕಡೆ ಉಸಿರು ಹೋಗುವುದು ಸ್ವಂತ ಮನೆಯ ಹೊಸ್ತಿಲೊಳಗೆ ಹೋಗಬೇಕು. ಮಕ್ಕಳು ಕರೆದುಕೊಂಡು ಹೊರಟೇಬಿಟ್ಟರು. ಆಂಬುಲೆನ್ಸು ಮೈಸೂರಿಗೆ ಹೋಗಿತ್ತು, ಎದುರಿಗೆ ನಿಂತಿದ್ದದ್ದು ಸರದಿ ಮುಗಿಸಿ ನಾವು ಊರಿಗೆ ಹತ್ತುವ ವಾಪಸು ಬಸ್ಸು.

ಕಂಡಕ್ಟರು ಹಿಂದಿನ ಉದ್ದ ಸೀಟು ಖಾಲಿ ಮಾಡಿಸಿದ. ತಾತನನ್ನು ಮಲಗಿಸಿದರು. ಕಿರಿಯ ಮಗ ಅಳುತ್ತ ತಲೆ ಹಿಡಿದು ಕೂತ. ಹಿರಿಯವನು ಫೋನು ಹಿಡಿದ. "ಆಯ್ತು ಕಣ್ಲಾ, ಇನ್ನೇನಿಲ್ಲ. ಅಕ್ಕನ್ ಮನೇಗೆ ಸುದ್ದಿ ಮುಟ್ಸು. ಹೊಲದ್ ಮೂಲೇಲಿ ಗುಂಡಿ ತೋಡ್ಸು. ಮಧ್ಯಾನಕ್ಕೇ ಮಾಡ್ಬುಡನ." ಬಸ್ಸಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ನಮ್ಮವರು ಹಿಂತಿರುಗಿ ನೋಡಲಿಲ್ಲ. ಅವರ ಜೊತೆ ಅದೇ ವಾರ್ಡಿನಲ್ಲಿ ಎರಡು ವರ್ಷ ಮಲಗಿದವರು ಈ ತಾತ.

ಮೂರನೇ ಊರು ದಾಟುವಾಗ ಡ್ರೈವರು ಒಂದು ಹಂಪ್ಸು ಗಮನಿಸಲಿಲ್ಲ. ಹಿಂದಿನ ಸೀಟು ಮೇಲೆದ್ದು ಕೆಳಗೆ ಬಿತ್ತು.

"ಅಯ್ಯಯ್ಯಪ್ಪಾ, ನನ್ ಸೊಂಟ!" ಎಂದು ತಾತನ ಗಂಟಲು ಕೇಳಿಸಿತು. "ಯಾವನ್ಲಾ ಅವ್ನು ಡ್ರೈವರು?"

ನಮ್ಮವರು ಮುಂದಿನಿಂದ ಕೂಗಿದರು. "ನಾನೂ ಅದ್ನೇ ದಿನಾ ಕೇಳ್ತಿರೋದು!"

ಇದು ಶುಕ್ರವಾರ. ಐದನೇ ಮಂಚ ಖಾಲಿಯಾಗುತ್ತದೆ ಎಂಬ ಸುದ್ದಿ ಮಾತ್ರ ಅಷ್ಟರಲ್ಲಿ ಹಂಗಳ ಮುಟ್ಟಿತ್ತು. ತಾತ ಎದ್ದು ಕೂತ ಸುದ್ದಿ ಮುಟ್ಟಿರಲಿಲ್ಲ. ಸೋಮವಾರ ನಾವು ಹೋಗುವಷ್ಟರಲ್ಲಿ ಹಂಗಳದವರು ಯಾವುದೋ ಹಾಲಿನ ಗಾಡಿ ಹತ್ತಿ ಮೊದಲೇ ಬಂದು, ಬ್ಯಾಗನ್ನು ಐದನೇ ಮಂಚದ ಕೆಳಗಿಟ್ಟು ನಿಂತಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು. ಆಗ ತಾತ ಬಾಗಿಲಲ್ಲಿ ಕಾಣಿಸಿಕೊಂಡರು. ತಮ್ಮ ಕಾಲಲ್ಲೇ ನಡೆದು ಬಂದರು. ಹಂಗಳದವರು ಬಗ್ಗಿ ಬ್ಯಾಗನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡರು. ಅವರ ಪಾದ ಚಪ್ಪಲಿಯಿಂದ ಉಬ್ಬಿ ಹೊರಗೆ ಬಂದಿದ್ದನ್ನು ನಾನು ನೋಡಿದ್ದು ಆಗಲೇ.

ತಾತನಿಗೆ ಸೂಜಿ ಚುಚ್ಚಿಸಿಕೊಳ್ಳುವಾಗಲೂ ಸಿಟ್ಟು ಇಳಿದಿರಲಿಲ್ಲ. ಮನೆಗೆ ಹೋದವರೇ ತಮಗಾಗಿ ತೋಡಿದ ಗುಂಡಿ ನೋಡಲು ಹೋಗಿದ್ದರಂತೆ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. "ಯಾವ ಮುಟ್ಠಾಳ ಅಳೆದವ್ನೋ! ಅರ್ಧ ನಮ್ಮಣ್ಣನ್ ಹೊಲಕ್ಕೆ ಓಗದೆ. ಅದ್ರೊಳಗೆ ಕೂತ್ರೆ ಒಂದ್ ಮಂಡಿ ನನ್ ಜಮೀನ್ನಲ್ಲಿ, ಒಂದ್ ಮಂಡಿ ಅವನ್ ಜಮೀನ್ನಲ್ಲಿ. ಸತ್ ಮ್ಯಾಲೂ ಸರ್ವೆಯವ್ರನ್ನ ಕರೀಬೇಕಾ ನಾನು?"

"ಆಮೇಲೆ ಗುಂಡಿ ಮುಚ್ಚಿಸಿದ್ರಾ?" ಎಂದು ಕೇಳಿದೆ. ತೋಡಿದ ಗುಂಡಿಯನ್ನು ಹಾಗೇ ಬಿಟ್ಟರೆ ಮನೆಯಲ್ಲಿ ಇನ್ನೊಬ್ಬರನ್ನು ಕರೆಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ.

"ಬರಿದು ಬುಡಕಾಯ್ತದಾ? ತೆಂಗಿನ್ ಸಸಿ ನೆಟ್ಟವ್ರೆ" ಎಂದರು ತಾತ. "ನೀರ್ ಹೊಯ್ಯದು ನನ್ ತಲೆಗೇ ಕಟ್ಟವ್ರೆ. ನಂಗೆ ದಿನಕ್ಕೆ ಎರಡ್ ಲೋಟ, ನನ್ ಗುಂಡಿಗೆ ಎರಡ್ ಬಿಂದಿಗೆ."

೫. ಹುರುಳಿ ಒಕ್ಕಣೆ

ಹುರುಳಿ ಕಿತ್ತ ಕಾಲದಲ್ಲಿ ನಮ್ಮ ಕಡೆಯ ಟಾರು ರಸ್ತೆಗಳೆಲ್ಲ ಕಣ. ಗಿಡವನ್ನು ಬಳ್ಳಿ ಸಮೇತ ರಸ್ತೆಗೆ ಹರಡಿ, ಮನೆಯವರು ಬದಿಯಲ್ಲಿ ಕೂತುಬಿಡುತ್ತಾರೆ. ಬಸ್ಸು ಲಾರಿಗಳು ಪುಕ್ಕಟೆ ತುಳಿದುಕೊಡುತ್ತವೆ. ಎಷ್ಟು ಬೇಡವೆಂದರೂ ರೈತರು ಕೇಳುವುದಿಲ್ಲ.

ಅದು ಒಂದು ಬುಧವಾರ. ನೋಟ್‌ಬುಕ್ಕಿನ ಪ್ರಕಾರ ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ, ತೆರಕಣಾಂಬಿ ದಾಟಿ ಎರಡು ಮೈಲಿ ಆದ ಮೇಲೆ, ಬಸ್ಸಿನ ಕೆಳಗೆ ಏನೋ ಮುಲುಗಿತು. ಸುಟ್ಟ ಹುಲ್ಲಿನ ವಾಸನೆ ಬಂತು. ಇಬ್ಬನಿಗೆ ನೆನೆದ ಹುರುಳಿ ಬಳ್ಳಿ ಚಕ್ರಕ್ಕೆ ಸಿಕ್ಕಿ ಕೆಳಗಿನ ಉದ್ದ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡಿತ್ತು.

"ನಿಲ್ಸು" ಎಂದರು ಇವರು. "ಇನ್ನೊಂದ್ ಫರ್ಲಾಂಗ್ ಓಡ್ಸಿದ್ರೆ ಬೆಂಕಿ ಹತ್ಕೊಂಡದು."

ಆ ಡ್ರೈವರು ಮೊದಲ ಸಲ ಇವರ ಮುಖ ನೋಡಿ, "ಏನ್ ಮಾಡನ ಯಜಮಾನ್ರೇ?" ಎಂದು ಕೇಳಿದ.

ಆಸ್ಪತ್ರೆಗೆ ಫೋನು ಮಾಡಿದೆ. ಆ ಹೊತ್ತಿನಲ್ಲಿ ಸಿಸ್ಟರು ಕೈಗೆ ಗ್ಲೌಸು ಹಾಕಿಕೊಂಡು ಯಂತ್ರ ತಯಾರು ಮಾಡುತ್ತಿರುತ್ತಾರೆ, ಫೋನು ಹೇಗೆ ಎತ್ತಿಯಾರು? ಹಾಲಿನ ವ್ಯಾನೊಂದು ಬಂತು, ಅದು ಎದುರು ದಿಕ್ಕಿಗೆ ಹೋಗುವುದು. ಬೈಕಿನವನೊಬ್ಬ ಪುಣ್ಯಾತ್ಮ ಕೂರಿಸಿಕೊಂಡು ಹೋಗುತ್ತೇನೆಂದ. ಇವರು ಬೈಕಿನ ಹಿಂದೆ ಕೂತರೆ ತಲೆ ಸುತ್ತಿ ಬೀಳುತ್ತಾರೆ, ಒಮ್ಮೆ ಬಿದ್ದೂ ಇದ್ದಾರೆ.

ಇವರು ಇಳಿದು ಮೈಲಿಗಲ್ಲಿನ ಮೇಲೆ ಕೂತರು. ಸೂಜಿ ಚುಚ್ಚುವ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈ ಬೀಸುತ್ತ, ಬಸ್ಸಿನಡಿ ತೆವಳಿದ ಡ್ರೈವರಿಗೆ ಕಾಣದೆಯೇ ದಾರಿ ಹೇಳಿದರು. "ಬಲಗಡೆ ಜಾಯಿಂಟ್ ಹತ್ರ ಬಿಗಿಯಾಗಿರ್ತದೆ, ಅಲ್ಲಿಂದ ಕುಯ್ಯಿ. ಎಳೀಬೇಡ. ಕುಯ್ಯಿ." ಪಕ್ಕದ ಹೊಲದಿಂದ ಕುಡುಗೋಲು ಬಂತು. ನಾನು ಗಡಿಯಾರ ನೋಡುತ್ತ ನಿಂತೆ. ಆರೂ ಮುಕ್ಕಾಲು ಎಂದೆ. ಏಳಾಯಿತು ಎಂದೆ.

"ಟೈಮ್ ಹೇಳ್ಬೇಡ ಅಮ್ಮಿ" ಎಂದರು ಇವರು. "ನಾನೇನು ಟೈಮ್ ಕೇಳಿದ್ನಾ?" ಅವರ ತುಟಿ ಬೆಳ್ಳಗಾಗಿತ್ತು. ಹಿಂದಿನ ಎರಡು ದಿನ ನೀರು ಸ್ವಲ್ಪ ಹೆಚ್ಚೇ ಕುಡಿದಿದ್ದರು. ಆ ದಿನದ ಸರದಿ ತಪ್ಪುವ ಹಾಗಿರಲಿಲ್ಲ.

ಏಳೂ ಐದಕ್ಕೆ ಡ್ರೈವರು ಒಂದು ಹೊರೆ ಬಳ್ಳಿ ಎಳೆದುಕೊಂಡು, ಮೈಯೆಲ್ಲ ಗ್ರೀಸು ಮಾಡಿಕೊಂಡು ಈಚೆ ಬಂದ. ಎಲ್ಲರೂ ಓಡಿ ಹತ್ತಿದೆವು. ಅಷ್ಟರಲ್ಲಿ ಹುರುಳಿಯ ಯಜಮಾನಿ, ಒಬ್ಬಾಕೆ ಮುದುಕಿ, ಪೊರಕೆ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದು ಬಾಗಿಲಿಗೆ ಅಡ್ಡ ನಿಂತಳು. ಕ್ಷಮೆ ಕೇಳಲು ಬಂದಳೆಂದು ಕಂಡಕ್ಟರು, "ಆಯ್ತು ಬುಡವ್ವ" ಎಂದ.

"ಅಯ್ಯೋ, ಎಲ್ಲಿಗ್ ಒಂಟ್ರಿ ಸಾಮಿ?" ಎಂದಳು ಆಕೆ. "ಇನ್ನೆರಡ್ ಸಲ ಇಂದಕ್ ಮುಂದಕ್ ಓಡ್ಸಿ. ಕಾಯಿ ಇನ್ನೂ ಪೂರ್ತಿ ಉದುರಿಲ್ಲ."

೬. ಹಿಡಿದಿಟ್ಟ ಸೀಟು

ಅದೇ ಬುಧವಾರದ ಮುಂದಿನ ಭಾಗ ಇದು. ಡ್ರೈವರು ಆ ದಿನ ಬಸ್ಸನ್ನು ಸ್ಟ್ಯಾಂಡಿಗೆ ಒಯ್ಯಲಿಲ್ಲ, ನೆಟ್ಟಗೆ ಆಸ್ಪತ್ರೆ ಗೇಟಿಗೆ ತಂದು ನಿಲ್ಲಿಸಿದ. ಆದರೂ ಏಳೂ ನಲವತ್ತೆರಡು. ವಾರ್ಡಿಗೆ ಹೋಗುವ ದಾರಿ ಉದ್ದ. ಇವರು ನನ್ನ ಹೆಗಲ ಮೇಲೆ ಭಾರ ಬಿಟ್ಟು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಂಡು ಬಂದರು. ನಾವು ಒಳಗೆ ಕಾಲಿಟ್ಟಾಗ ಏಳೂ ಐವತ್ತು. ಮಂಚ ಹೋಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಕಡೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಏನಾದರೂ ಒಳಗೆ ಹಾಕಿ ಸೀಟು ಹಿಡಿಯುತ್ತೇವೆ. ಹೆಂಗಸರು ಬ್ಯಾಗು, ಗಂಡಸರು ಟವಲು, ಏನೂ ಇಲ್ಲದವರು ಒಂದು ಚಪ್ಪಲಿ. ಹಾಕಿದ ಮೇಲೆ ಆ ಸೀಟು ಅವರದು. ತಹಸೀಲ್ದಾರರೇ ಬಂದರೂ ಟವಲು ಸರಿಸಿ ಕೂರುವುದಿಲ್ಲ. ಕೋರ್ಟಿನ ಆರ್ಡರು ಮೀರಿದವರನ್ನು ಕಂಡಿದ್ದೇನೆ, ಟವಲು ಮೀರಿದವರನ್ನು ಕಂಡಿಲ್ಲ.

ನಮ್ಮ ಮೂರನೇ ಮಂಚದ ನಡುವೆ ಒಂದು ಕೆಂಪು ಚೌಕಳಿ ಟವಲು ಬಿದ್ದಿತ್ತು. ತಲೆಯ ಕಡೆ, ಕಂಬಿ ಹಿಡಿದುಕೊಂಡು, ಹಂಗಳದವರು ಕಾವಲಿನವರಂತೆ ನಿಂತಿದ್ದರು.

ನನ್ನ ಮೈ ಉರಿದುಹೋಯಿತು. ಇದು ಸೋಮವಾರವೂ ಅಲ್ಲ. "ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದೆ. ಉಳಿದ ಐದು ಮಂಚದವರೂ ತಿರುಗಿ ನೋಡಿದರು. "ಇಪ್ಪತ್ತು ನಿಮಿಷ ತಡವಾದ್ದಕ್ಕೆ ಟವಲು ಹಾಕಿಬಿಟ್ರಾ? ಇವರಿನ್ನೂ ಬದುಕಿದ್ದಾರೆ!"

"ಗೊತ್ತು ಕಣವ್ವ" ಎಂದರು ಅವರು ನಿಧಾನವಾಗಿ. "ಓಗಿದ್ರೆ ನಂಗೆ ಗೊತ್ತಾಗ್ದೆ ಇರ್ತಿತ್ತಾ? ನಿಮ್ ಬೀದೀಲೇ ನಮ್ ಷಡ್ಕ ಅವ್ನೆ."

ಸಿಸ್ಟರು ಓಡಿ ಬಂದರು. "ಅಮ್ಮ, ಅವರನ್ನ ಬೈಬೇಡಿ. ಆ ಟವಲು ನಿಮಗೋಸ್ಕರ ಹಾಕಿರೋದು."

ಆದದ್ದು ಹೀಗೆ. ಹಂಗಳದವರಿಗೆ ಹಿಂದಿನ ದಿನ ಮೈಸೂರಿನಲ್ಲಿ ಡಯಾಲಿಸಿಸ್ ಆಗಿತ್ತು. ಊರು ಮುಟ್ಟುವ ಶಕ್ತಿ ಇಲ್ಲದೆ ಸಂಜೆಯ ರೈಲು ಹಿಡಿದು ಚಾಮರಾಜನಗರಕ್ಕೆ ಬಂದು, ಹರದನಹಳ್ಳಿಯ ಮಗಳ ಮನೆಯಲ್ಲಿ ಉಳಿದುಕೊಂಡಿದ್ದರು. ಬೆಳಿಗ್ಗೆ ಎದ್ದು, ಹೇಗೂ ಬಂದಿದ್ದೇನಲ್ಲ ಎಂದು ಪಟ್ಟಿ ವಿಚಾರಿಸಲು ಬಂದರು. ನಿನ್ನೆಯಷ್ಟೇ ರಕ್ತ ತೊಳೆಸಿಕೊಂಡವರಿಗೆ ಈ ದಿನ ಮಂಚ ಕೊಡುವ ಹಾಗಿಲ್ಲ. ಏಳೂವರೆ ಆಯಿತು, ನಾವು ಬರಲಿಲ್ಲ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಯುವಕ ಅಂದೇ ಹೊಸದಾಗಿ ಬಂದಿದ್ದ, ಮುಖ ಊದಿಕೊಂಡಿತ್ತು. ಸಿಸ್ಟರು ಅವನನ್ನು ಮೂರನೇ ಮಂಚಕ್ಕೆ ಕರೆದರು. ಅವನು ಎದ್ದು ಬರುವಷ್ಟರಲ್ಲಿ ಹಂಗಳದವರ ಹೆಗಲ ಮೇಲಿದ್ದ ಟವಲು ಹಾಸಿಗೆಯ ಮೇಲಿತ್ತು.

"ಇದು ಬಸ್ಸಲ್ಲಪ್ಪ ಅಂತ ಎಷ್ಟು ಹೇಳಿದೆ" ಎಂದರು ಸಿಸ್ಟರು. "'ಇರ್ಬೋದು ಸಿಸ್ಟರ್, ಆದ್ರೂ ಟವಲ್ ಬಿದ್ದದೆ' ಅಂತಾರೆ. ಆ ಹುಡುಗನಾದ್ರೂ ಜಗಳ ಆಡಬಾರದಾ? ಅವನೂ ಈ ಕಡೆಯವನೇ. 'ಟವಲ್ ಹಾಕವ್ರಲ್ಲ ಸಿಸ್ಟರ್' ಅಂತ ಹೋಗಿ ಬೆಂಚ್ ಮೇಲೆ ಕೂತುಬಿಟ್ಟ. ಡಾಕ್ಟರು ಪರೀಕ್ಷೆ ಮಾಡಿ, ಮಧ್ಯಾಹ್ನದ ಪಾಳಿ ಆದರೂ ಪರವಾಗಿಲ್ಲ ಅಂದ್ರು. ಅಲ್ಲಿ ಹಾಕಿದ್ದೀನಿ. ಬೇಗ ಮಲಗಿಸಿ ಇವರನ್ನ."

ಇವರನ್ನು ಮಲಗಿಸಿದೆವು. ಹಂಗಳದವರೇ ಕಾಲು ಎತ್ತಿ ಇಟ್ಟರು. ನನಗೆ ಮುಖ ಎತ್ತಲಾಗಲಿಲ್ಲ. ಕೆಂಪು ಇಂಕಿನಲ್ಲಿ ಏನೇನು ಬರೆದಿದ್ದೆನೋ ಎಲ್ಲ ನೆನಪಾಯಿತು. ಕೈ ಮುಗಿದೆ. "ತಪ್ಪಾಯ್ತು. ನಿಮ್ಮ ಹೆಸರೇ ಪಟ್ಟಿಯಲ್ಲಿ ಮೊದಲು ಇರುವಾಗ, ನಿಮಗೇ ಮಂಚ ಬೇಕಿರುವಾಗ, ನಮಗೋಸ್ಕರ ಹಿಡಿದಿಟ್ರಿ. ಇಂಥ ಮನಸ್ಸು ಯಾರಿಗಿರುತ್ತೆ?"

ಅವರು ನೆಲ ನೋಡಿದರು. ಕುತ್ತಿಗೆ ಕೆರೆದುಕೊಂಡರು. ಸುಳ್ಳು ಹೇಳಲು ಬಾರದ ಮನುಷ್ಯ.

"ಅಂಗಲ್ಲ ಕಣವ್ವ" ಎಂದರು ಕೊನೆಗೆ. "ಆ ಹುಡ್ಗನ್ನ ನೋಡುದ್ರಾ? ಇಪ್ಪತ್ತೆಂಟು ವರ್ಸ. ಗಟ್ಟಿ ಆಳು. ಒಂದ್ಸಲ ಈ ಮಂಚ ಅವನ್ದಾಯ್ತು ಅಂದ್ರೆ ಮೂವತ್ ವರ್ಸ ಏಳಕಿಲ್ಲ ಅವ್ನು. ಆಮ್ಯಾಕೆ ನನ್ ಗತಿ ಏನು? ಅದೇ ನಮ್ ಯಜಮಾನ್ರಾದ್ರೆ..."

ಅಲ್ಲಿಗೆ ನಿಲ್ಲಿಸಿದರು.

ಇವರು ದಿಂಬಿನಿಂದ ತಲೆ ಎತ್ತಿದರು. "ಹೇಳ್ಲಾ, ಯಾಕ್ ನಿಲ್ಲುಸ್ದೆ? ಯಜಮಾನ್ರಾದ್ರೆ?"

"ಯಜಮಾನ್ರ ಮ್ಯಾಲೆ ನಂಗೆ ನಂಬ್ಕೆ ಅದೆ" ಎಂದರು ಹಂಗಳದವರು.

ಇವರು ನಕ್ಕ ನಗುವಿಗೆ ಮಂಚ ಅಲುಗಾಡಿತು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ಐದನೇ ಮಂಚದ ತಾತ ನಕ್ಕರು, ಬೆಂಚಿನ ಮೇಲಿದ್ದ ಆ ಹುಡುಗ ನಕ್ಕ. "ಕೈ ಅಲ್ಲಾಡಿಸಬೇಡಿ, ಸೂಜಿ ತಪ್ಪುತ್ತೆ!" ಎಂದು ಸಿಸ್ಟರು ಗದರಿದರು. ಆಮೇಲೆ ಟವಲು ಮಡಚಿ ಹಂಗಳದವರಿಗೆ ಕೊಡಲು ಹೋದರು.

"ಅದು ಅಲ್ಲೇ ಕಾಲ್ ಹತ್ರ ಇರ್ಲಿ ಬುಡಿ ಸಿಸ್ಟರ್" ಎಂದರು ನಮ್ಮವರು. "ನಾಳೆ ಇನ್ನಾವನಾದ್ರೂ ಬಂದು ಚಪ್ಲಿ ಇಟ್ಬುಟ್ಟಾನು."